ಅಜ್ಜಿ ಕ್ಯಾಮಿನ ಎಲ್ಡನ್

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎಲ್ಡನ್ ಮರ್ಕಲ್ ತನ್ನ ಷೆಡ್ಡಿನಲ್ಲಿ ಒಂದು ಪಿಸ್ಟನ್ನಿನ ಅಳತೆ ತೆಗೆದು ಚೀಟಿಯಲ್ಲಿ ಬರೆದಿಟ್ಟ. ಮನೆಯೊಳಗೆ ಹೋಗಿ ಕಾಫಿ ಕುಡಿದು ಬಂದು ನೋಡಿದರೆ ಚೀಟಿಯಲ್ಲಿ ಬೇರೆ ಅಂಕಿ ಇತ್ತು. ಮತ್ತೆ ಅಳೆದ, ಮತ್ತೆ ಬರೆದ. ಈ ಸಲ ನೋಡನೋಡುತ್ತಿದ್ದಂತೆಯೇ ಏಳೂ ನಾಲ್ಕೂ ಜಾಗ ಅದಲುಬದಲು ಮಾಡಿಕೊಂಡು ಕೂತವು. ಬಲಗೈಯ ಎರಡು ಬೆರಳು ಜೋಮು ಹಿಡಿದಿದ್ದವು. ಅವನು ಸ್ಟೂಲಿನ ಮೇಲೆ ಕುಸಿದು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಹನ್ನೆರಡು ಯಾವುದು, ಇಪ್ಪತ್ತೊಂದು ಯಾವುದು ಎಂದು ಒಂದನೇ ತಾರೀಖಿನಿಂದ ಬೆರಳಿಟ್ಟು ಎಣಿಸಿ ತಿಳಿದುಕೊಳ್ಳಬೇಕಾಯಿತು.

ಆಗ ಅವನಿಗಾದ ಹೆದರಿಕೆ ಎಂಥದ್ದೆಂದರೆ, ಎದ್ದು ಹೋಗಿ ಷೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ. ಯಾರಿಂದ ಬಚ್ಚಿಟ್ಟುಕೊಳ್ಳುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ.

ಅವನ ತಾಯಿಗೂ ಹೀಗೆಯೇ ಶುರುವಾಗಿತ್ತು. ಮೊದಲು ಬಟ್ಟೆ ಕತ್ತರಿಸುವಾಗ ಅಳತೆ ತಪ್ಪಿತು, ಆಮೇಲೆ ಒಲೆ ಆರಿಸುವುದು ಮರೆತುಹೋಯಿತು. ಕೊನೆಯ ಎರಡು ವರ್ಷ ಅವಳು ಕಿಟಕಿಯ ಪಕ್ಕ ಕೂತು, ತನ್ನ ಮಗನನ್ನೇ “ನೀವು ಯಾರ ಕಡೆಯೋರು?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದಳು.

ಅರ್ಧ ಗಂಟೆಯಲ್ಲಿ ಬೆರಳುಗಳ ಜೋಮು ಬಿಟ್ಟಿತು. ಮಾರನೆಯ ದಿನ ಹೆಂಡತಿ ನಡೀನ್‌ಗೆ ಬೇರಿಂಗ್ ತರಲು ಹೋಗುತ್ತೇನೆಂದು ಹೇಳಿ, ನದಿಯಾಚೆಯ ಊರಿನ ಒಬ್ಬ ಡಾಕ್ಟರ ಹತ್ತಿರ ಹೋದ. ಮಿದುಳಿನ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಇಂಥದ್ದು ಇನ್ನೊಂದು ಬಂದರೂ ಬಂತು, ಬರದಿದ್ದರೂ ಇಲ್ಲ ಎಂದರು.

“ಓದೋದಕ್ಕೆ, ಲೆಕ್ಕ ಮಾಡೋದಕ್ಕೆ ಏನಾದ್ರೂ ತೊಂದ್ರೆ ಆಗ್ತಿದ್ಯಾ?”

“ಇಲ್ಲ,” ಎಂದ ಎಲ್ಡನ್.

ಅದು ತೊಂಬತ್ತೇಳನೇ ಇಸವಿ. ಎಲ್ಡನ್‌ಗೆ ಆಗ ಅರವತ್ತನಾಲ್ಕು. ಒಹಾಯೊ ನದಿಯ ದಂಡೆಯ ಹ್ಯಾನ್‌ಬರಿ ಊರಿನ ಮೇಲಿನ ಗುಡ್ಡದಲ್ಲಿ ಅವನ ಮನೆ, ಮನೆಯ ಹಿಂದೆ ಷೆಡ್ಡು. ಅಪ್ಪ ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದವನು. ಎಲ್ಡನ್ ಸೈನ್ಯದಲ್ಲಿ ಲಾರಿ ರಿಪೇರಿ ಕಲಿತು ಬಂದು, ಮದುವೆಯಾದ ವರ್ಷವೇ ಈ ಷೆಡ್ಡು ಹಾಕಿದ. ಅರವತ್ತರ ದಶಕದಲ್ಲಿ ದೊಡ್ಡ ಎಂಜಿನ್ನಿನ ಕಾರುಗಳ ಹುಚ್ಚು ಹತ್ತಿದಾಗ ನದಿಯ ಎರಡೂ ದಂಡೆಯ ಗಂಡಸರು ತಮ್ಮ ಪಾಂಟಿಯಾಕು, ಷೆವೆಲ್, ಪ್ಲಿಮತ್‌ಗಳನ್ನು ಇವನ ಅಂಗಳಕ್ಕೆ ತಂದು ನಿಲ್ಲಿಸತೊಡಗಿದರು. ಆ ಹುಚ್ಚು ಇಳಿದು ಎಷ್ಟೋ ಕಾಲವಾದರೂ, ಅವೇ ಕಾರುಗಳು ಹಳೆಯದಾಗಿ, ಬೆಲೆಬಾಳುವ ವಸ್ತುಗಳಾಗಿ, ಮತ್ತೆ ಅವನ ಅಂಗಳಕ್ಕೇ ಬರುತ್ತಿದ್ದವು.

ಎಂಜಿನ್ ಬಿಚ್ಚಿ ಕಟ್ಟುವವರು ಬೇರೆಯವರೂ ಇದ್ದರು. ಎಲ್ಡನ್ ಹೆಸರು ಮಾಡಿದ್ದು ಕ್ಯಾಮ್‌ಶಾಫ್ಟ್ ಆರಿಸುವುದರಲ್ಲಿ. ಎಂಜಿನ್ನಿನ ಹೊಟ್ಟೆಯೊಳಗೆ ಸುಮಾರು ಎರಡು ಅಡಿ ಉದ್ದದ ಒಂದು ದಂಡ ತಿರುಗುತ್ತಿರುತ್ತದೆ. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ಎಂಜಿನ್ ಯಾವಾಗ ಉಸಿರು ಎಳೆದುಕೊಳ್ಳಬೇಕು, ಯಾವಾಗ ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಆ ಉಬ್ಬುಗಳೇ. ಆ ಉಸಿರಿನ ಬಾಯಿ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಡಿಗ್ರಿ ಕಡಿಮೆಯಾದರೆ ಎಂಜಿನ್ ಸಾಧು. ಜಾಸ್ತಿಯಾದರೆ ಪಂದ್ಯದ ಮೈದಾನದಲ್ಲಿ ಹುಲಿ, ಊರ ಬೀದಿಯಲ್ಲಿ ದಮ್ಮಿನ ರೋಗಿ. ಬಂದವರೆಲ್ಲ ಕೇಳುತ್ತಿದ್ದುದು ದೊಡ್ಡ ಡಿಗ್ರಿಯನ್ನೇ. ಎಲ್ಡನ್ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾರಿನ ತೂಕವೆಷ್ಟು, ಗೇರು ಯಾವ ಥರದ್ದು, ಹಿಂದಿನ ಆಕ್ಸಲ್ ಯಾವುದು, ಬ್ರೇಕು ಎಂಥದ್ದು, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ವಿಚಾರಿಸಿ, ಕೊನೆಗೆ ಅವರು ಕೇಳಿದ್ದಕ್ಕಿಂತ ಎರಡು ಮೆಟ್ಟಿಲು ಕೆಳಗಿನದನ್ನೇ ಹಾಕಿ ಕಳಿಸುತ್ತಿದ್ದ.

“ಎಲ್ಡನ್ ಹತ್ರ ಹೋದ್ರೆ ಸಿಗೋದು ಅಜ್ಜಿ ಕ್ಯಾಮೇ ಕಣಯ್ಯ,” ಎಂದು ಊರಿನವರು ನಗುತ್ತಿದ್ದರು. ನಕ್ಕವರೇ ಮತ್ತೆ ಬರುತ್ತಿದ್ದರು, ಏಕೆಂದರೆ ಅವನು ಕಟ್ಟಿದ ಎಂಜಿನ್ ಜನವರಿಯ ಚಳಿಯಲ್ಲೂ ಒಂದೇ ತಿರುವಿಗೆ ಹತ್ತಿಕೊಳ್ಳುತ್ತಿತ್ತು.

ವಿಲ್ಡಾ ಟ್ಯಾಕೆಟ್ ತನ್ನ ಅಪ್ಪನ ಕಾರನ್ನು ಟ್ರೈಲರ್ ಮೇಲೆ ಹೇರಿಕೊಂಡು ಬಂದದ್ದು ಮೇ ತಿಂಗಳಲ್ಲಿ. ನಲವತ್ತೆಂಟು ವರ್ಷದ ಗಟ್ಟಿ ಹೆಂಗಸು. ಇಪ್ಪತ್ತನಾಲ್ಕು ವರ್ಷದಿಂದ ಅದೇ ಗುಡ್ಡದ ರಸ್ತೆಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅವಳ ಅಪ್ಪ ಆರ್ವಿಲ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಕಾರು ಅರವತ್ತೆಂಟನೇ ಇಸವಿಯ ಪಾಂಟಿಯಾಕ್ ಜಿಟಿಒ, ಕಡು ಹಸಿರು. ಹದಿನೆಂಟು ವರ್ಷ ಕಣಜದಲ್ಲಿ ತಾಡಪಾಲಿನ ಕೆಳಗೆ ನಿಂತು ಇಲಿಗಳಿಗೆ ಮನೆಯಾಗಿತ್ತು.

“ಅಪ್ಪ ಇದನ್ನ ಒಂದೇ ಒಂದ್ ದಿನ ನನ್ ಕೈಗೆ ಕೊಡ್ಲಿಲ್ಲ,” ಎಂದಳು ವಿಲ್ಡಾ. “ಐವತ್ತೆರಡು ಮಕ್ಕಳನ್ನ ತುಂಬ್ಕೊಂಡು ಬಸ್ಸು ಓಡಿಸ್ತೀನಿ ಅಂದ್ರೂ, ಬಸ್ಸು ಬೇರೆ ಇದು ಬೇರೆ ಅಂತಿದ್ದ. ಈಗ ಓಡಿಸ್ತೀನಿ. ಆದ್ರೆ ಸದ್ದು ಮಾತ್ರ ಅಪ್ಪನ ಕಾಲದ್ದೇ ಬೇಕು. ನಿಂತಲ್ಲೇ ನಿಂತು ಗುಡುಗ್ತಿತ್ತು ಇದು.”

“ಅದು ಎಂಜಿನ್ ಗುಡುಗಿದ್ದಲ್ಲಮ್ಮ. ನಿಮ್ಮಪ್ಪನ ಸೈಲೆನ್ಸರ್ ತೂತಾಗಿತ್ತು. ನಾನೇ ಎರಡು ಸಲ ತೇಪೆ ಹಾಕಿಕೊಟ್ಟಿದೀನಿ.”

ವಿಲ್ಡಾ ನಕ್ಕಳು. “ಆದ್ರೂ ಅಜ್ಜಿ ಕ್ಯಾಮು ಹಾಕ್ಬೇಡಿ ಎಲ್ಡನ್. ನಾನಿನ್ನೂ ಅಜ್ಜಿ ಆಗಿಲ್ಲ.”

ಅವನು ಎಂದಿನಂತೆ ವಿಚಾರಿಸಿದ. ತಾನಾಗಿ ಬದಲಾಗುವ ಗೇರು. ಉದ್ದ ಓಟದ ಆಕ್ಸಲ್. ಬ್ರೇಕಿಗೆ ಬೂಸ್ಟರ್ ಇದೆ. ಈ ಕೊನೆಯದು ಮುಖ್ಯ. ಬ್ರೇಕ್ ಬೂಸ್ಟರ್ ಎಂದರೆ ಎಂಜಿನ್ನಿನ ಹೀರುವ ಬಲದಿಂದ ಕೆಲಸ ಮಾಡುವ ಡಬ್ಬಿ. ಚಾಲಕನ ಕಾಲು ಸ್ವಲ್ಪ ಒತ್ತಿದರೆ ಉಳಿದದ್ದನ್ನು ಅದು ಒತ್ತುತ್ತದೆ. ಕ್ಯಾಮು ದೊಡ್ಡದಾದಷ್ಟೂ ಎಂಜಿನ್ನಿನ ಹೀರುವ ಬಲ ಕುಗ್ಗುತ್ತದೆ, ಬ್ರೇಕಿಗೆ ಸಹಾಯ ಸಿಗುವುದಿಲ್ಲ. ಒಂದೂ ಮುಕ್ಕಾಲು ಟನ್ನಿನ ಕಾರು, ಸುತ್ತಲೂ ಗುಡ್ಡ. ಎಲ್ಡನ್ ಮನಸ್ಸಿನಲ್ಲೇ ತೂಗಿ ನೋಡಿದ. ಇನ್ನೂರ ಹದಿಮೂರು ಡಿಗ್ರಿ. ಸ್ವಲ್ಪ ಗತ್ತಿನ ದನಿಯೂ ಇರುತ್ತದೆ, ಬ್ರೇಕೂ ಹಿಡಿಯುತ್ತದೆ. ಆ ಆಯ್ಕೆ ಸರಿಯಾಗಿಯೇ ಇತ್ತು. ನಲವತ್ತು ವರ್ಷದ ಅನುಭವ ಅವನ ತಲೆಯಲ್ಲಿ ಕದಲದೆ ಕೂತಿತ್ತು. ಕದಲುತ್ತಿದ್ದುದು ಕಾಗದದ ಮೇಲಿನ ಅಂಕಿಗಳು ಮಾತ್ರ.

ಮಾರನೆಯ ದಿನ ಕ್ಯಾಟಲಾಗ್ ತೆರೆದು, ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದ. ಅಲ್ಲಿನ ಡಾಯ್ಲ್ ಇಪ್ಪತ್ತು ವರ್ಷದ ಪರಿಚಯದವನು. ಎಲ್ಡನ್ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಿ ಹೇಳಿದ. ಡಾಯ್ಲ್ ಅದನ್ನು ಬರೆದುಕೊಂಡ.

“ಎಲ್ಡನ್, ಇದು ನಿಮ್ ಲೆಕ್ಕಕ್ಕೆ ಸ್ವಲ್ಪ ದೊಡ್ಡದಾಯ್ತಲ್ವಾ?”

ಎಲ್ಡನ್ ಸ್ಕೇಲಿನ ಮೇಲಿನ ಸಾಲು ನೋಡಿದ. ಇನ್ನೂರ ಹದಿಮೂರು ಎಂದೇ ಕಾಣುತ್ತಿತ್ತು. ಇನ್ನೊಮ್ಮೆ ನೋಡಿ ಹೇಳು ಎಂದು ಡಾಯ್ಲ್‌ನನ್ನು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಅವನಿಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾದರೆ ಸಂಜೆಯೊಳಗೆ ನದಿಯ ಎರಡೂ ದಂಡೆಗೆ ಗೊತ್ತಾಗುತ್ತದೆ.

“ಕ್ಯಾಮು ಆರಿಸೋದನ್ನ ನನಗೆ ಕಲಿಸ್ಬೇಡ ಡಾಯ್ಲ್. ಹೇಳಿದ್ದನ್ನ ಕಳಿಸು,” ಎಂದು ಫೋನಿಟ್ಟ. ಹಾಗೆ ಅವನು ಯಾರೊಂದಿಗೂ ಗಡುಸಾಗಿ ಮಾತಾಡಿದವನಲ್ಲ.

ಕ್ಯಾಮ್‌ಶಾಫ್ಟ್ ಬಂತು. ಜೊತೆಗೆ ಅದರ ಜಾತಕದಂಥ ಒಂದು ಕಾರ್ಡು. ಅದರಲ್ಲೂ ಇನ್ನೂರ ಹದಿಮೂರು ಎಂದೇ ಓದಿ ಗೋಡೆಗೆ ಸಿಕ್ಕಿಸಿದ. ಜೂನ್, ಜುಲೈ ಎರಡೂ ತಿಂಗಳು ಎಂಜಿನ್ ಕಟ್ಟಿದ. ಮೊದಲು ಒಂದು ವಾರದಲ್ಲಿ ಮುಗಿಸುತ್ತಿದ್ದ ಒಂದೊಂದು ಕೆಲಸಕ್ಕೂ ಈಗ ಮೂರು ವಾರ ಹಿಡಿಯುತ್ತಿತ್ತು. ಪ್ರತಿ ಅಳತೆಯನ್ನೂ ಮೂರು ಸಲ ತೆಗೆಯುತ್ತಿದ್ದ, ಬಾಗಿಲು ಹಾಕಿಕೊಂಡೇ ತೆಗೆಯುತ್ತಿದ್ದ. ಕ್ಯಾಮು ಕೂರಿಸಿ, ಡಿಗ್ರಿ ಗುರುತಿನ ತಟ್ಟೆ ಕಟ್ಟಿ ತಿರುಗಿಸಿ ನೋಡಿದಾಗಲೂ ಮೂರು ಸಲವೂ ಅದೇ ಅಂಕಿ ಬಂತು. ಮೂರು ಸಲವೂ ಒಂದೇ ಬಂದರೆ ಸರಿಯಾಗಿರಲೇಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅದೇ ಕಣ್ಣು ಮೂರು ಸಲವೂ ಅದೇ ತಪ್ಪು ಮಾಡಬಹುದೆಂಬ ಯೋಚನೆ ಬರಲಿಲ್ಲವೆಂದಲ್ಲ. ಬಂದಾಗಲೆಲ್ಲ ರೇಡಿಯೊ ಜೋರು ಮಾಡುತ್ತಿದ್ದ.

ಊಟಕ್ಕೆ ಕೂತಾಗ ನಡೀನ್ ಅವನ ಮುಖ ನೋಡುತ್ತಿದ್ದಳು. “ಬೀನ್ಸ್ ತಣ್ಣಗಾಗ್ತಿದೆ,” ಎನ್ನುತ್ತಿದ್ದಳು, ಅಷ್ಟೇ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಎಂಜಿನ್ ಮೊದಲ ಸಲ ಚಾಲೂ ಆಗಬೇಕಿತ್ತು. ವಿಲ್ಡಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಳು. ಹೊಸ ಕ್ಯಾಮಿಗೆ ಮೊದಲ ಇಪ್ಪತ್ತು ನಿಮಿಷವೇ ಜೀವ. ಎಂಜಿನ್ನನ್ನು ಎರಡು ಸಾವಿರ ಸುತ್ತಿನಲ್ಲಿ ಒಂದೇ ಸಮ ಓಡಿಸಬೇಕು. ಆಗ ಉಬ್ಬುಗಳೂ ಅವುಗಳ ಮೇಲೆ ಕೂತ ಭಾಗಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೊಂದದಿದ್ದರೆ ಒಂದನ್ನೊಂದು ತಿಂದು ಪುಡಿ ಮಾಡಿಕೊಳ್ಳುತ್ತವೆ. ಎಲ್ಡನ್ ಕೀಲಿ ತಿರುಗಿಸಿದ. ಎಂಜಿನ್ ಹತ್ತಿಕೊಂಡಿತು. ಇಪ್ಪತ್ತು ನಿಮಿಷ ಅವನು ಬಾನೆಟ್ಟಿನ ಕೆಳಗೆ ಬಾಗಿ, ಬೆವರು ಒರೆಸಿಕೊಳ್ಳದೆ ಕಿವಿಗೊಟ್ಟು ನಿಂತ. ಕಟಕಟ ಸದ್ದಿಲ್ಲ, ಹೊಗೆಯಿಲ್ಲ. ಐದು ತಿಂಗಳಲ್ಲಿ ಮೊದಲ ಬಾರಿಗೆ ಅವನ ಭುಜ ಸಡಿಲವಾಯಿತು.

ಆಮೇಲೆ ವೇಗ ತಗ್ಗಿಸಿ ನಿಂತಲ್ಲೇ ಉಸಿರಾಡಲು ಬಿಟ್ಟ.

ಎಂಜಿನ್ ಒಮ್ಮೆ ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು. ಕಾರಿನ ಮೈಯೆಲ್ಲ ಅಲುಗಾಡಿ, ಬೆಂಚಿನ ಮೇಲಿನ ಸ್ಪ್ಯಾನರ್‌ಗಳು ಝಣಝಣ ಎಂದವು. ಢಬ್, ಢಬ್, ಢಬ್ ಎಂದು ಒಳಗೆ ಯಾರೋ ಗುದ್ದುತ್ತಿರುವಂತೆ.

ಎಲ್ಡನ್ ಇನ್ನಷ್ಟು ಬಾಗಿ ಕಿವಿಗೊಟ್ಟ. ಅಂಕಿಗಳು ಮೋಸ ಮಾಡಬಹುದು, ಅವನ ಕಿವಿ ಮೋಸ ಮಾಡುವಂಥದ್ದಲ್ಲ. ಇನ್ನೂರ ಹದಿಮೂರು ಡಿಗ್ರಿಯ ಕ್ಯಾಮು ಹೀಗೆ ಸದ್ದು ಮಾಡಲು ಸಾಧ್ಯವೇ ಇಲ್ಲ. ಇದು ಪಂದ್ಯದ ಕ್ಯಾಮು. ಹೀರುವ ಬಲ ಅಳೆಯುವ ಗಡಿಯಾರವನ್ನು ಕೊಳವೆಗೆ ಸಿಕ್ಕಿಸಿದ. ಮುಳ್ಳು ಹಸಿರು ಪಟ್ಟಿಯಲ್ಲಿ ನಿಲ್ಲಬೇಕಿತ್ತು. ಅದು ಪಟ್ಟಿಯ ಎಷ್ಟೋ ಕೆಳಗೆ ಜ್ವರ ಬಂದಂತೆ ನಡುಗುತ್ತಿತ್ತು.

“ಎಲ್ಡನ್,” ಎಂದಳು ವಿಲ್ಡಾ. ಅವಳ ಕಣ್ಣು ತುಂಬಿತ್ತು. “ಇದೇ. ಇದೇ ಅಪ್ಪನ ಸದ್ದು. ಸೈಲೆನ್ಸರ್ ತೂತು ಅಂತ ಹೇಳಿ ನನ್ನನ್ನ ಆಟ ಆಡಿಸಿದ್ರಾ ನೀವು?”

ಅವನು ಬಾಯಿ ತೆರೆದ. ತಪ್ಪಾಗಿದೆ ಎಂದರೆ ಸಾಕಿತ್ತು. ಹೇಗೆ ತಪ್ಪಿತು ಎಂದು ಅವಳು ಕೇಳುತ್ತಾಳೆ. ಅದಕ್ಕೆ ಉತ್ತರ ಹೇಳಿದ ಕ್ಷಣವೇ ಅವನು ಎಂಜಿನ್ ಕಟ್ಟುವ ಎಲ್ಡನ್ ಆಗಿರುವುದಿಲ್ಲ, ಕಿಟಕಿಯ ಪಕ್ಕದ ಕುರ್ಚಿಯವನಾಗುತ್ತಾನೆ.

“ಎರಡು ದಿನ ಇಲ್ಲೇ ಇರ್ಲಿ. ಸ್ವಲ್ಪ ಹೊಂದಿಸ್ಬೇಕು,” ಎಂದ.

“ಆಮೇಲೆ ಹೊಂದಿಸೀರಂತೆ. ಊರೊಳಗೆ ಒಂದು ಸುತ್ತು ಹೋಗ್ಬರ್ತೀನಿ, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಕಾದಿದೀನಿ.”

ಅವಳಾಗಲೇ ಒಳಗೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಎಲ್ಡನ್ ಬೇಡ ಎನ್ನಲಾರದೆ, ಅವಳೊಬ್ಬಳನ್ನೇ ಕಳಿಸಲೂ ಆಗದೆ, ಎಂಜಿನ್ ನಿಂತುಹೋಗದಿರಲೆಂದು ಅದರ ವೇಗ ಸ್ವಲ್ಪ ಏರಿಸಿ, ಪಕ್ಕದ ಬಾಗಿಲು ತೆಗೆದು ಹತ್ತಿ ಕೂತ. ಮೊದಲ ತಿರುವು ಬರಲಿ, ಹೇಳುತ್ತೇನೆ ಎಂದುಕೊಂಡ. ಮೊದಲ ತಿರುವು ಬಂತು, ಹೋಯಿತು. ವಿಲ್ಡಾ ಒಂದು ಕೈ ಕಿಟಕಿಯ ಹೊರಗಿಟ್ಟು ನಗುತ್ತಿದ್ದಳು. ಬ್ಯಾಪ್ಟಿಸ್ಟ್ ಚರ್ಚು ದಾಟಲಿ ಎಂದುಕೊಂಡ. ಚರ್ಚೂ ದಾಟಿತು. ಮುಂದೆ ಟ್ಯಾನರಿ ಗುಡ್ಡದ ಇಳಿಜಾರು. ಅರ್ಧ ಮೈಲಿ ಕಡಿದಾಗಿ ಇಳಿದು, ತುದಿಯಲ್ಲಿ ರೈಲು ಹಳಿ, ಹಳಿಯಾಚೆ ಊರು.

ಇಳಿಜಾರಿನ ನೆತ್ತಿಯಲ್ಲಿ ಹುಲ್ಲಿನ ಗಾಡಿ ಎಳೆದುಕೊಂಡು ಒಂದು ಟ್ರಾಕ್ಟರ್ ನಿಧಾನವಾಗಿ ಹೋಗುತ್ತಿತ್ತು. ವಿಲ್ಡಾ ಬ್ರೇಕ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬೂಸ್ಟರಿನಲ್ಲಿ ಉಳಿದಿರುವ ಬಲ ಒಂದೊಂದು ಒತ್ತಿಗೂ ಬರಿದಾಗುತ್ತಿರುವುದು ಎಲ್ಡನ್‌ನ ಕಣ್ಣಿಗೆ ಕಟ್ಟಿದಂತೆ ಕಂಡಿತು. ಒಂದು. ಎರಡು. ಈಗಲಾದರೂ ಹೇಳಬೇಕು ಎಂದುಕೊಂಡ. ಟ್ರಾಕ್ಟರು ಎಡಕ್ಕೆ ಹೊಲದೊಳಗೆ ತಿರುಗಿಕೊಂಡಿತು. ಮೂರನೇ ಸಲ ಅವಳು ಕಾಲಿಟ್ಟಾಗ ಎಂಜಿನ್ ಒಮ್ಮೆ ಕೆಮ್ಮಿ, ನಿಂತೇಹೋಯಿತು.

ಏಕಾಏಕಿ ಎಲ್ಲ ನಿಶ್ಶಬ್ದ. ಟೈರಿನ ಸದ್ದೊಂದೇ. ಕಾರು ಇಳಿಯುತ್ತಿತ್ತು.

“ಬ್ರೇಕು ಕಲ್ಲಾಗಿದೆ,” ಎಂದಳು ವಿಲ್ಡಾ. ದನಿಯಲ್ಲಿ ಗಾಬರಿಯಿರಲಿಲ್ಲ, ಆಶ್ಚರ್ಯವಿತ್ತು. ಕೆಳಗೆ ಹಳಿಯ ಹತ್ತಿರ ಕೆಂಪು ದೀಪ ಮಿನುಗತೊಡಗಿತ್ತು. ಗಂಟೆಯ ಸದ್ದು ಗಾಳಿಯಲ್ಲಿ ತೇಲಿ ಬಂತು.

“ಅದಕ್ಕೆ ಬಲ ಇಲ್ಲ ವಿಲ್ಡಾ. ಎಂಜಿನ್ನಿಂದ ಏನೂ ಬರ್ತಿಲ್ಲ. ಮೈಯೆಲ್ಲ ಭಾರ ಹಾಕಿ ತುಳಿ. ಬಿಡ್ಬೇಡ. ಬಿಟ್ಟು ಬಿಟ್ಟು ಒತ್ಬೇಡ.”

ಅವನು ಗೇರನ್ನು ನ್ಯೂಟ್ರಲ್‌ಗೆ ತಳ್ಳಿ ಕೀಲಿ ತಿರುಗಿಸಿದ. ಎಂಜಿನ್ ಕೊಯ್ಯೆಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ವಿಲ್ಡಾ ಸ್ಟಿಯರಿಂಗ್ ಹಿಡಿದು ಸೀಟಿನಿಂದ ಎದ್ದೇ ನಿಂತಿದ್ದಳು. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಪಾರ್ಕಿಂಗ್ ಬ್ರೇಕಿನ ಪೆಡಲಿನ ಮೇಲೆ. ಕುತ್ತಿಗೆಯ ನರ ಉಬ್ಬಿತ್ತು. ಸುಟ್ಟ ವಾಸನೆ ಕಾರಿನೊಳಗೆ ತುಂಬಿತು. ಹಳಿಯ ಮುಂದೆ ರಸ್ತೆಗೆ ಅಡ್ಡವಾಗಿ ಕಂಬ ಇಳಿಯುತ್ತಿತ್ತು. ಎಡಗಡೆಯಿಂದ ಕಲ್ಲಿದ್ದಲ ರೈಲಿನ ಹಳದಿ ಮೂತಿ ಮರಗಳ ಸಂದಿಯಲ್ಲಿ ಕಾಣಿಸಿತು. ಎಲ್ಡನ್ ಕಣ್ಣು ಮುಚ್ಚಲಿಲ್ಲ. ಮುಚ್ಚಲು ತನಗೆ ಹಕ್ಕಿಲ್ಲ ಎನ್ನಿಸಿತು.

ಕಾರು ನಿಂತಾಗ ಬಾನೆಟ್ಟಿನ ಮೂತಿ ಆ ಕಂಬದ ಕೆಳಗಿತ್ತು.

ರೈಲು ಅವರ ಮುಂದೆ ಹಾಯತೊಡಗಿತು. ಎಲ್ಡನ್ ಅದರ ಡಬ್ಬಿಗಳನ್ನು ಎಣಿಸಲು ಹೋದ. ಆ ಗಾಬರಿಯಲ್ಲಿ ಹನ್ನೊಂದರ ಆಚೆ ಏನು ಬರುತ್ತದೆಂಬುದೇ ಹೊಳೆಯಲಿಲ್ಲ. ಕೊನೆಯ ಡಬ್ಬಿ ದಾಟಿ, ಕಂಬ ಮೇಲೇಳುವವರೆಗೂ ವಿಲ್ಡಾ ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ.

“ಏನಾಯ್ತು ಈಗ?” ಎಂದಳು ಮುಂದೆ ನೋಡುತ್ತಲೇ.

“ಕ್ಯಾಮು ದೊಡ್ಡದಾಯ್ತು. ಬ್ರೇಕಿಗೆ ಬೇಕಾದಷ್ಟು ಹೀರಲ್ಲ ಅದು. ನನಗೆ ಗೊತ್ತಿತ್ತು.”

“ಯಾವಾಗಿಂದ?”

“ಷೆಡ್ಡಲ್ಲಿ. ನಿಂತಲ್ಲೇ ಓಡ್ತಿದ್ದಾಗಿಂದ.”

“ಅಂದ್ರೆ ಗುಡ್ಡದ ಮೇಲಿದ್ದಾಗ ಗೊತ್ತಿತ್ತು.”

“ಹೂಂ.”

ವಿಲ್ಡಾ ಅವನ ಕಡೆ ತಿರುಗಿದಳು. “ದಿನಾ ಬೆಳಿಗ್ಗೆ ಇದೇ ಇಳಿಜಾರಲ್ಲಿ ಮಕ್ಕಳನ್ನ ಇಳಿಸ್ತೀನಿ ನಾನು. ಬ್ರೇಕು ಒಂಚೂರು ಕಿರ್ ಅಂದ್ರೂ ಬಸ್ಸು ನಿಲ್ಸಿ, ಬರೆದುಕೊಟ್ಟು, ಇನ್ನೊಂದು ಬಸ್ಸು ಬರೋವರ್ಗೂ ಮಳೇಲಿ ನಿಲ್ತೀನಿ. ನೀವು ಗೊತ್ತಿದ್ದೂ ಬಾಯಿ ಮುಚ್ಕೊಂಡು ನನ್ ಪಕ್ಕದಲ್ಲಿ ಕೂತಿದ್ರಿ. ಯಾಕೆ?”

“ಹೆದ್ರಿಕೆ ಆಯ್ತು.”

“ಯಾವುದಕ್ಕೆ? ರೈಲಿಗಿಂತ ದೊಡ್ಡದು ಅದ್ಯಾವುದು?”

ಅವನು ಬಾಗಿಲು ತೆಗೆದು ಇಳಿದ. ಹಳಿಯ ಹತ್ತಿರ ರಸ್ತೆ ಸಮತಟ್ಟಾಗಿದ್ದುದರಿಂದ ಇಬ್ಬರೂ ಸೇರಿ ಕಾರನ್ನು ಹಿಂದಕ್ಕೆ ನೂಕಿ ರಸ್ತೆಯ ಬದಿಗೆ ಹಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಗುಡ್ಡ ಹತ್ತಿ ವಾಪಸ್ಸು ನಡೆದರು. ಇಡೀ ದಾರಿ ವಿಲ್ಡಾ ಇಪ್ಪತ್ತು ಹೆಜ್ಜೆ ಮುಂದೆಯೇ ಇದ್ದಳು.

ಷೆಡ್ಡಿಗೆ ಬಂದವನೇ ಎಲ್ಡನ್ ಗೋಡೆಯ ಕಾರ್ಡನ್ನು ಕಿತ್ತು ಅವಳ ಕೈಗೆ ಕೊಟ್ಟ. “ಇಲ್ಲಿ, ಈ ಸಾಲು. ಏನಿದೆ ಓದು.”

“ಇನ್ನೂರ ಮೂವತ್ತೊಂದು.”

ಅವನು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು ನೋಡಿದ. “ನನಗೆ ಇನ್ನೂರ ಹದಿಮೂರು ಅಂತಾನೇ ಕಾಣುತ್ತೆ,” ಎಂದ. “ಈಗಲೂ. ನೀನು ಓದಿದ ಮೇಲೂ.”

ವಿಲ್ಡಾ ಕಾರ್ಡನ್ನೂ ಅವನನ್ನೂ ನೋಡಿದಳು. ಸಿಟ್ಟು ಅವಳ ಮುಖದಿಂದ ಹೋಗಲಿಲ್ಲ. ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು. ಆಗ ಬಾಗಿಲಲ್ಲಿ ನಡೀನ್ ಇದ್ದಾಳೆಂಬುದು ಇಬ್ಬರ ಗಮನಕ್ಕೂ ಬಂತು. ಐಸ್ ಹಾಕಿದ ಟೀಯ ಎರಡು ಲೋಟ ಹಿಡಿದು ನಿಂತಿದ್ದಳು.

“ನಡೀನ್, ಮಾರ್ಚಲ್ಲಿ ನನಗೆ—” ಎಂದು ಶುರುಮಾಡಿದ ಎಲ್ಡನ್.

“ಗೊತ್ತು. ಮಾತ್ರೆ ಡಬ್ಬಿ ನಿನ್ನ ಉಣ್ಣೆ ಸಾಕ್ಸ್ ಒಳಗಿದೆ. ಬೇಸಿಗೇಲಿ ಸಾಕ್ಸ್ ಎತ್ತಿಡೋದು ಯಾರು ಅಂದ್ಕೊಂಡೆ?” ಲೋಟಗಳನ್ನು ಬೆಂಚಿನ ಮೇಲಿಟ್ಟಳು. “ನೀನಾಗಿ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಕೇಳಿದ್ರೆ ಅದು ನಿಜ ಆಗ್ಬಿಡುತ್ತೆ ಅಂತ ನನಗೂ ಭಯ ಆಗಿತ್ತು. ಐದು ತಿಂಗಳು ಒಂದೇ ಮಂಚದಲ್ಲಿ ಮಲಗಿ ಇಬ್ರೂ ಸೂರು ನೋಡ್ತಿದ್ವಿ.”

ಎಲ್ಡನ್ ಸ್ಟೂಲಿನ ಮೇಲೆ ಕೂತು, ಎಣ್ಣೆಯ ಕೈಗಳಿಂದಲೇ ಮುಖ ಮುಚ್ಚಿಕೊಂಡ.

“ಮಾರ್ಚ್ ಆದ್ಮೇಲೆ ಇನ್ನೆಷ್ಟು ಎಂಜಿನ್ ಕಟ್ಟಿದೀರ?” ವಿಲ್ಡಾ ಕೇಳಿದಳು. ಅದು ಬಸ್ಸಿನ ಹಿಂದಿನ ಸೀಟಿನಲ್ಲಿ ಗಲಾಟೆಯಾದಾಗ ಅವಳು ತೆಗೆಯುವ ದನಿ.

“ಮೂರು.”

“ಅವರಿಗೆ ಫೋನ್ ಮಾಡಿ. ಈಗಲೇ. ನಾನು ನಂಬರ್ ಒತ್ತಿ ಕೊಡ್ತೀನಿ.”

ಕಣ್ಣ ಮುಂದೆ ರೈಲು ಬಂದಾಗ ಆದ ಹೆದರಿಕೆಯೇ ಒಂದು ತೂಕ, ಆ ಮೂರು ಫೋನುಗಳದ್ದೇ ಒಂದು ತೂಕ. ನನ್ನ ಕಣ್ಣಿಗೆ ಅಂಕಿ ಸರಿಯಾಗಿ ಕಾಣುತ್ತಿಲ್ಲ, ನಿಮ್ಮ ಎಂಜಿನ್ನಿನಲ್ಲಿ ತಪ್ಪಾಗಿರಬಹುದು, ದಯವಿಟ್ಟು ಓಡಿಸಬೇಡಿ ಎಂದು ಮೂರು ಮಂದಿಗೂ ಹೇಳಿದ. ಒಬ್ಬ ನಕ್ಕು, ತಮಾಷೆ ಸಾಕು ಎಂದ. ಒಬ್ಬ ಏನೂ ಹೇಳದೆ ಫೋನಿಟ್ಟು, ಸೋಮವಾರ ಕಾರನ್ನು ಬೇರೆಯವರ ಹತ್ತಿರ ಒಯ್ದ. ಮೂರನೆಯವನು ಬಂದ. ವಿಲ್ಡಾ ಓದಿ ಹೇಳುತ್ತ, ಎಲ್ಡನ್ ಬಿಚ್ಚುತ್ತ ನೋಡಿದಾಗ ಆ ಎಂಜಿನ್ನಿನ ಎರಡು ಬೋಲ್ಟುಗಳು ಬೇಕಾದುದರ ಅರ್ಧದಷ್ಟೂ ಬಿಗಿಯಾಗಿರಲಿಲ್ಲ. ಇನ್ನು ಸ್ವಲ್ಪ ದಿನ ಓಡಿದ್ದರೆ ಹೆದ್ದಾರಿಯಲ್ಲೇ ಒಡೆದುಹೋಗುತ್ತಿತ್ತು. ಆ ದಿನ ಎಲ್ಡನ್‌ಗೆ ಊಟ ಸೇರಲಿಲ್ಲ.

ನಡೀನ್ ಅವನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತು ಎಲ್ಲ ನಿಜ ಹೇಳಿಸಿದಳು. ಓದುವ ಅಂಕಿ ಮಾತ್ರ ಕೆಟ್ಟಿದೆ, ಕೇಳುವ ಅಂಕಿ ನೆಟ್ಟಗಿದೆ ಎಂದು ಡಾಕ್ಟರು ಪರೀಕ್ಷಿಸಿ ಹೇಳಿದರು. ಮುಂದೆ ಹೇಗೋ ತಿಳಿಯದು ಎಂದೂ ಹೇಳಿದರು.

ಹೊಸ ಕ್ಯಾಮನ್ನು ಅಡುಗೆಮನೆಯ ಮೇಜಿನ ಮೇಲೆ ಆರಿಸಿದರು. ಆ ಕೆಲಸ ತನ್ನ ಕೈಯಲ್ಲಾಗುವುದಿಲ್ಲ, ಬೇರೆ ಯಾರ ಹತ್ತಿರವಾದರೂ ಹೋಗು ಎಂದು ಎಲ್ಡನ್ ಮೂರು ಸಲ ಹೇಳಿದ್ದ.

“ಹೋಗೋಳಿದ್ದೆ,” ಎಂದಳು ವಿಲ್ಡಾ. “ನಿಮ್ ಮೇಲೆ ಸಿಟ್ಟು ಹೋಗಿಲ್ಲ ನನಗೆ. ಆದ್ರೆ ಇನ್ನೂರ ಹದಿಮೂರು ಅಂತ ಆರಿಸಿದ್ದು ಸರೀನೇ ಇತ್ತಲ್ವಾ? ಅದನ್ನ ನಾನು ಇನ್ನೊಬ್ರ ಹತ್ರ ಕೇಳಿದೆ. ಅವರೂ ಅದನ್ನೇ ಹೇಳಿದ್ರು. ಅವರು ಅರ್ಧ ದಿನ ಲೆಕ್ಕ ಹಾಕಿ ಹೇಳಿದ್ರು, ನೀವು ಸ್ಟೂಲ್ ಮೇಲೆ ಕೂತು ಹೇಳಿದ್ರಿ.” ಕ್ಯಾಟಲಾಗ್ ಎಳೆದುಕೊಂಡಳು. “ಕಣ್ಣು ಮುಚ್ಕೊಳ್ಳಿ. ಓದ್ತೀನಿ. ಬೇಕಾದ್ದು ಬಂದಾಗ ನಿಲ್ಸಿ.”

ಅವಳು ಓದಿದಳು. ಎಲ್ಡನ್ ಕಣ್ಣು ಮುಚ್ಚಿ ಕೇಳಿದ. ಕಿವಿಗೆ ಬಿದ್ದ ಅಂಕಿಗಳು ಕದಲಲಿಲ್ಲ. ಪ್ರತಿಯೊಂದು ಸಾಲಿಗೂ ಒಂದೊಂದು ಎಂಜಿನ್ನಿನ ಸದ್ದು ಅವನ ತಲೆಯಲ್ಲಿ ಏಳುತ್ತಿತ್ತು. ಇದು ತಡವರಿಸುತ್ತದೆ, ಇದು ಗುಡ್ಡ ಹತ್ತುವಾಗ ದಣಿಯುತ್ತದೆ, ಇದು ಆದೀತು. “ನಿಲ್ಸು,” ಎಂದ. ನಡೀನ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಡಾಯ್ಲ್‌ಗೆ ಫೋನ್ ಮಾಡಿ ಎಲ್ಡನ್ ಮೊದಲು ಕ್ಷಮೆ ಕೇಳಿದ, ಆಮೇಲೆ ಫೋನನ್ನು ವಿಲ್ಡಾಗೆ ಕೊಟ್ಟ. ಸುದ್ದಿ ಸಂಜೆಯೊಳಗೆ ನದಿಯ ಎರಡೂ ದಂಡೆಗೆ ಹಬ್ಬಿತು. ಅವನು ಹೆದರಿದಂತೆಯೇ ಕೆಲವರು ಬರುವುದನ್ನು ಬಿಟ್ಟರು.

ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನ್ ಮತ್ತೆ ಸಿದ್ಧವಾಯಿತು. ಇಪ್ಪತ್ತು ನಿಮಿಷ ಓಡಿಸಿ ಎಲ್ಡನ್ ವೇಗ ತಗ್ಗಿಸಿದ. ಎಂಜಿನ್ ಒಮ್ಮೆ ಮೆಲ್ಲಗೆ ಗುಟುರು ಹಾಕಿ ಸಮವಾಗಿ ನಿಂತಿತು. ಗಡಿಯಾರದ ಮುಳ್ಳು ಹಸಿರು ಪಟ್ಟಿಗೆ ಹೋಗಿ ಅಲ್ಲೇ ಕೂತಿತು. ಅವನು ಅದನ್ನು ನಂಬದೆ, “ಎಲ್ಲಿದೆ ಮುಳ್ಳು?” ಎಂದು ಇಬ್ಬರನ್ನೂ ಕೇಳಿದ. ಇಬ್ಬರೂ ಹಸಿರು ಎಂದರು.

“ಹೊಲಿಗೆ ಮಿಷನ್ ಥರ ಇದೆ,” ಎಂದಳು ವಿಲ್ಡಾ ಬೇಸರದಿಂದ.

“ಹೊಲಿಗೆ ಮಿಷನ್ ಇಷ್ಟು ಪೆಟ್ರೋಲ್ ಕುಡಿಯಲ್ಲ.”

ಅವಳು ಅಂಗಳದಲ್ಲಿ ಹತ್ತು ಸಲ ಬ್ರೇಕ್ ಒತ್ತಿ ನೋಡಿದಳು. ಆಮೇಲೆ ಮನೆಯ ಮುಂದಿನ ಸಮತಟ್ಟಿನ ರಸ್ತೆಯಲ್ಲಿ ಹೋಗಿ ಬಂದಳು. ಎಲ್ಡನ್ ಪಕ್ಕದ ಬಾಗಿಲಿಗೆ ಕೈ ಹಾಕಿದಾಗ ಬೇಡ ಎಂದು ತಲೆಯಾಡಿಸಿದಳು.

“ಇದನ್ನ ನಾನೊಬ್ಳೇ ಇಳಿಸ್ತೀನಿ. ನೀವು ಒಳಗೆ ಹೋಗಿ ಫೋನ್ ಹತ್ರ ಕೂತ್ಕೊಳ್ಳಿ.”

ಎಲ್ಡನ್ ಒಳಗೆ ಹೋಗಲಿಲ್ಲ. ಎಂಜಿನ್ನಿನ ಸದ್ದು ಚರ್ಚಿನ ತನಕ ಕೇಳಿಸಿತು, ಇಳಿಜಾರಿನ ನೆತ್ತಿಯಲ್ಲಿ ತಗ್ಗಿತು, ಆಮೇಲೆ ಇಲ್ಲವಾಯಿತು. ನಿಂತುಹೋಯಿತೋ, ಗುಡ್ಡ ಮರೆಮಾಡಿತೋ ತಿಳಿಯುವಂತಿರಲಿಲ್ಲ. ಅವನು ಬೇಲಿಯ ಗೂಟ ಹಿಡಿದು ನಿಂತ. ಕೆಳಗೆಲ್ಲೋ ರೈಲು ಕೂಗಿತು. ಅದು ಆ ದಂಡೆಯದೋ ಈ ದಂಡೆಯದೋ ಎಂದು ಅವನಿಗೆ ಗೊತ್ತಾಗಲಿಲ್ಲ.

ಅಡುಗೆಮನೆಯಲ್ಲಿ ಫೋನ್ ರಿಂಗಾಯಿತು. ನಡೀನ್ ಬಾಗಿಲು ತೆಗೆದು ತಂತಿ ಎಷ್ಟು ಬರುತ್ತದೋ ಅಷ್ಟು ದೂರ ಹಿಡಿದಳು. ಎಲ್ಡನ್ ಓಡಿ ಬಂದು ಕಿವಿಗಿಟ್ಟುಕೊಂಡ.

“ಪೆಟ್ರೋಲ್ ಬಂಕ್‌ನಿಂದ ಮಾತಾಡ್ತಿದೀನಿ, ಹಳಿ ಆಚೆಯಿಂದ,” ಎಂದಳು ವಿಲ್ಡಾ. “ಒಂದೇ ಬೆರಳಿಗೆ ನಿಲ್ಲುತ್ತೆ. ಇಲ್ಲಿ ನಾಲ್ಕು ಜನ ಸುತ್ತ ನಿಂತು ಯಾವ ಕ್ಯಾಮು ಅಂತ ಕೇಳ್ತಿದಾರೆ. ಏನ್ ಹೇಳ್ಲಿ?”

“ಅಜ್ಜಿ ಕ್ಯಾಮು ಅಂತ ಹೇಳು,” ಎಂದ ಎಲ್ಡನ್. ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತುಬಿಟ್ಟ.